ಗಾಳಿಗಿಟ್ಟ ಹೆಸರು

ಹೆಸರಿನ ಬೆಲೆಯನ್ನು ಕನ್ನಡಿಗರಿಗೆ ಹೊಸದಾಗಿ ಹೇಳಿಕೊಡಬೇಕಾದುದಿಲ್ಲ. ಹರಿದು ಹಂಚಿಹೋಗಿದ್ದ ನಮ್ಮ ನಾಡು ೧೯೫೬ನೆಯ ನವೆಂಬರ್ ೧ರಂದು ಒಂದಾಯಿತು. ಆದರೆ ಅದಕ್ಕೆ ‘ಕರ್ನಾಟಕ’ವೆಂಬ ಹೆಸರು ಬರಲು ೧೯೭೩ನೆಯ ನವೆಂಬರ್ ೧ರ ವರೆಗೆ ಕಾಯಬೇಕಾಯಿತು. ಆ ದಿನ ನಾಡಿನ ನೆಲ ಒಂದು ಗುಂಟೆಯಷ್ಟೂ ಹೆಚ್ಚಲಿಲ್ಲ, ನದಿಗಳಲ್ಲಿ ಒಂದು ಕೊಡ ನೀರೂ ಹೆಚ್ಚಾಗಿ ಹರಿಯಲಿಲ್ಲ. ಆದರೂ ಹೊರನಾಡಿನಲ್ಲಿ ನೆಲೆಸಿದ ನಮ್ಮಂಥವರಿಗೆ, ‘ನೀವು ಯಾವ ಕಡೆಯವರು?’ ಎಂದು ಯಾರಾದರೂ ಕೇಳಿದರೆ ಎದೆ ತುಂಬಿ ಹೇಳಬಹುದಾದ ಒಂದು ಮಾತು ದೊರೆಯಿತು. ಹೆಸರಿನ ಮಹಿಮೆ ಇಂಥದು. ರಾಜ್ಯೋತ್ಸವದ ಈ ಸಂಚಿಕೆಯಲ್ಲಿ ನಾವು ಹೆಸರನ್ನು ಕುರಿತೇ ನಾಲ್ಕು ಮಾತು ಬರೆಯಬೇಕೆಂದಿದ್ದೇವೆ. ಆದರೆ ಇದು ಗಾಳಿಯ ಹೆಸರಿನ ಮಾತು. ವಿಷಯ ವಿಚಿತ್ರವೆಂದು ಓದುಗರಿಗೆ ತೋರಬಹುದು. ಕೊನೆಯ ವರೆಗೆ ಓದಿದರೆ ಅದು ನಮ್ಮ ಸ್ವಾರಗೇಟದ ಬಾಗಿಲಿಗೇ ಬಂದು ನಿಲ್ಲುವುದೆಂದು ಅವರೇ ಒಪ್ಪಿಯಾರು.

ಈ ವಿಚಾರ ನಮ್ಮ ತಲೆಯಲ್ಲಿ ಹೊಕ್ಕುದು ೨೦೧೭ನೆಯ ಆಗಸ್ಟ್ ತಿಂಗಳಲ್ಲಿ. ನಮ್ಮ ಭಾಗದ ಕನ್ನಡ ಮನೆಯೊಂದರ ಹಿರಿಯ ತಾಯಿಗೆ ಅಮೆರಿಕೆಯ ಹ್ಯೂಸ್ಟನ್ ನಗರದಲ್ಲಿರುವ ಮಗ ಫೋನು ಮಾಡಿ, “ಅವ್ವಾ, ಹಾರ್ವೆ ಬರಾವಿದ್ದಾನ. ಮನಿ ಬಿಟ್ಟು ಹೊರಗ ಹೋಗೂ ಹಂಗಿಲ್ಲ” ಎಂದನಂತೆ. ವಿಜಾಪುರದ ಕಡೆಯ ಆ ತಾಯಿ, “ಯಾರಪಾ ಅಂವ? ಎಷ್ಟ ದಿನಾ ಇರತಾನಂತ?” ಎಂದು ಕೇಳಿದರಂತೆ. ಮನೆಮಂದಿಯೆಲ್ಲ ನಕ್ಕರು. ಆದರೆ ಆಕೆ ಕೇಳಿದುದು ಸರಿಯಾದ ಪ್ರಶ್ನೆಯೇ ಆಗಿದ್ದಿತು. ‘ಹಾರ್ವೆ’ ಎಂಬುದು ಅಟ್ಲಾಂಟಿಕ್ ಕಡೆಯ ಒಂದು ಚಂಡಮಾರುತದ ಹೆಸರು. ಅದು ಟೆಕ್ಸಸ್ ದಂಡೆಯನ್ನು ಮುಟ್ಟಿದ ಮೇಲೆ ಮುಂದೆ ಸಾಗದೆ ಅಲ್ಲಿಯೇ ಸುತ್ತಾಡುತ್ತ ದಿನಗಟ್ಟಲೆ ಮಳೆ ಸುರಿಸಿತು. ಕೆಲವೆಡೆ ೧,೫೦೦ ಮಿಲಿಮೀಟರಿಗಿಂತ ಹೆಚ್ಚು ಮಳೆಯಾಯಿತು. ಅಂದರೆ ನಮ್ಮ ಪುಣೆಗೆ ಹೆಚ್ಚು ಕಡಿಮೆ ಎರಡು ವರುಷಗಳಲ್ಲಿ ಬೀಳುವಷ್ಟು ಮಳೆ. ಬಂದ ಅತಿಥಿ ಎಷ್ಟು ದಿನ ಇದ್ದಾನು ಎಂಬುದೇ ಆಗ ಅಲ್ಲಿಯ ಹವೆಯ ಪಂಡಿತರ ಚಿಂತೆಯೂ ಆಗಿದ್ದಿತು.

ಗಾಳಿಗೆ ಮನುಷ್ಯರ ಹೆಸರೇಕೆ ಎಂದು ಆ ತಾಯಿ ಆಮೇಲೆ ಕೇಳಿದಾಗ ನಮಗೂ ಉತ್ತರ ಹೊಳೆಯಲಿಲ್ಲ. ಹುಡುಕಿ ನೋಡಿದೆವು. ಆಗ ಮೊದಲು ಕಣ್ಣಿಗೆ ಬಿದ್ದುದು ನಮ್ಮ ಮನೆಯ ಗೋಡೆಯ ಮೇಲಿನ ಪಂಚಾಂಗವೇ. ನಮ್ಮ ರೈತನು ಮಳೆಗೆ ಹೆಸರಿಡದೆ ಎಂದೂ ಮಾತನಾಡಿದವನಲ್ಲ. ರೋಹಿಣಿ, ಮೃಗಶಿರ, ಆರಿದ್ರ, ಪುಷ್ಯ, ಮಘೆ, ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ ಎಂದು ಸೂರ್ಯನು ನಿಂತ ನಕ್ಷತ್ರದ ಹೆಸರನ್ನೇ ಆಯಾ ಹದಿಮೂರು ಹದಿನಾಲ್ಕು ದಿನಗಳ ಮಳೆಗೆ ಇಟ್ಟು, ಯಾವುದಕ್ಕೆ ಬಿತ್ತಬೇಕು, ಯಾವುದಕ್ಕೆ ಎಡೆ ಹೊಡೆಯಬೇಕು ಎಂದು ತಲೆಮಾರುಗಳಿಂದ ನೆನಪಿಟ್ಟುಕೊಂಡು ಬಂದಿದ್ದಾನೆ. ಪಂಚಾಂಗವನ್ನು ನೋಡಿ ಹೆಸರಿಡುವ ಈ ಪದ್ಧತಿ ನಮ್ಮಲ್ಲಿ ಮಾತ್ರ ಇದ್ದುದಲ್ಲ. ಅಟ್ಲಾಂಟಿಕ್ ಸಾಗರದ ಪಶ್ಚಿಮಕ್ಕಿರುವ ಪೋರ್ಟೊ ರಿಕೊ ದ್ವೀಪದ ಜನರು ಚಂಡಮಾರುತ ಅಪ್ಪಳಿಸಿದ ದಿನ ಯಾವ ಸಂತನ ಹಬ್ಬವೋ ಆ ಸಂತನ ಹೆಸರನ್ನೇ ಅದಕ್ಕೆ ಇಡುತ್ತಿದ್ದರು. ೧೮೭೬ನೆಯ ಸೆಪ್ಟೆಂಬರ್ ೧೩ರಂದು ಬಂದುದು ‘ಸಾನ್ ಫೆಲಿಪೆ’. ಐವತ್ತೆರಡು ವರುಷಗಳ ತರುವಾಯ, ೧೯೨೮ರಲ್ಲಿ, ಅದೇ ತಾರೀಖಿಗೆ ಇನ್ನೊಂದು ಬಂದೆರಗಿತು. ಅದಕ್ಕೆ ‘ಎರಡನೆಯ ಸಾನ್ ಫೆಲಿಪೆ’ ಎಂದು ಹೆಸರಾಯಿತು.

ಈ ಗಾಳಿಗಳ ಜಾತಿಯ ಹೆಸರಿಗೂ ಒಂದು ಇತಿಹಾಸ ಉಂಟು. ‘ಹರಿಕೇನ್’ ಎಂಬುದು ಆ ದ್ವೀಪಗಳ ಮೂಲ ನಿವಾಸಿಗಳಾದ ತಾಯಿನೋ ಜನರ ಮಾತಿನಿಂದ ಸ್ಪ್ಯಾನಿಶರು ಎತ್ತಿಕೊಂಡ ಶಬ್ದ. ‘ಸೈಕ್ಲೋನ್’ ಎಂಬ ಶಬ್ದವಾದರೋ ಹುಟ್ಟಿದುದು ನಮ್ಮ ಕಲಕತ್ತೆಯಲ್ಲಿ. ಅಲ್ಲಿ ಹಡಗುಗಳ ಅಪಘಾತಗಳನ್ನು ವಿಚಾರಿಸುತ್ತಿದ್ದ ಹೆನ್ರಿ ಪಿಡ್ಡಿಂಗ್ಟನ್ ಎಂಬವನು ನೂರಾರು ನಾವಿಕರ ದಿನಚರಿಗಳನ್ನು ಓದಿ, ಈ ಗಾಳಿಗಳು ಹಾವು ಸುರುಳಿ ಸುತ್ತಿಕೊಂಡಂತೆ ತಿರುಗುವುವೆಂದು ಕಂಡು, ಗ್ರೀಕ್ ಮೂಲದಿಂದ ಆ ಹೆಸರನ್ನು ಕಟ್ಟಿದನು. ಅದನ್ನು ನಾವಿಕರಿಗೆ ತಿಳಿಸಿ ಹೇಳುವ ಅವನ ಪುಸ್ತಕ ೧೮೪೮ರಲ್ಲಿ ಪ್ರಕಟವಾಯಿತು. ಒಂದೇ ಬಗೆಯ ಗಾಳಿಗೆ ಅಟ್ಲಾಂಟಿಕಿನಲ್ಲಿ ಹರಿಕೇನ್, ಚೀನ ಜಪಾನಗಳ ಸಮುದ್ರದಲ್ಲಿ ಟೈಫೂನ್, ನಮ್ಮ ಎರಡು ಕಡಲುಗಳಲ್ಲಿ ಸೈಕ್ಲೋನ್. ಕನ್ನಡದಲ್ಲಿ ನಾವು ಚಂಡಮಾರುತ ಎನ್ನುತ್ತೇವೆ. ನಮ್ಮ ನೆರೆಯ ಮರಾಠಿ ಬಂಧುಗಳು ಚಕ್ರೀವಾದಳ ಎನ್ನುತ್ತಾರೆ.

ಜಾತಿಗೊಂದು ಹೆಸರಾಯಿತು; ಒಂದೊಂದು ಗಾಳಿಗೂ ಅದರದೇ ಹೆಸರು ಬಂದುದು ಹೇಗೆ? ಆಸ್ಟ್ರೇಲಿಯದಲ್ಲಿ ಕ್ಲೆಮೆಂಟ್ ರ್‍ಯಾಗ್ ಎಂಬ ಹವೆಯ ಅಧಿಕಾರಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಗಾಳಿಗಳಿಗೆ ಹೆಸರಿಡತೊಡಗಿದನು. ತನಗೆ ಆಗದ ರಾಜಕಾರಣಿಗಳ ಹೆಸರನ್ನೂ ಅವುಗಳಿಗೆ ಇಟ್ಟು ಸೇಡು ತೀರಿಸಿಕೊಂಡನು! ಅಟ್ಲಾಂಟಿಕಿನಲ್ಲಿ ಕ್ರಮವಾಗಿ ಹೆಸರಿಡುವ ಪದ್ಧತಿ ೧೯೫೦ರಲ್ಲಿ ಬಂದಿತು. ಮೊದಲು ತಂತಿಯವರ ಅಕ್ಷರಗಳ ಹೆಸರು. ೧೯೫೩ರಿಂದ ಹೆಂಗಸರ ಹೆಸರು. ಹಾಳು ಮಾಡುವುದಕ್ಕೆಲ್ಲ ಹೆಣ್ಣಿನ ಹೆಸರೇ ಏಕೆಂದು ಅಲ್ಲಿಯ ಮಹಿಳೆಯರು ತಕರಾರು ಎತ್ತಿದುದು ನ್ಯಾಯವೇ ಸರಿ. ೧೯೭೯ರಿಂದ ಗಂಡಸರ ಹೆಸರುಗಳೂ ಸೇರಿದುವು. ಇಪ್ಪತ್ತೊಂದು ಹೆಸರುಗಳ ಒಂದೊಂದು ಪಟ್ಟಿಯಂತೆ ಆರು ಪಟ್ಟಿಗಳು ಆರು ವರುಷಕ್ಕೊಮ್ಮೆ ತಿರುಗಿ ಬರುವುವು. ಬಹಳ ಜೀವಹಾನಿ ಮಾಡಿದ ಗಾಳಿಯ ಹೆಸರನ್ನು ಮಾತ್ರ ಪಟ್ಟಿಯಿಂದ ತೆಗೆದುಬಿಡುವರು. ೨೦೦೫ರಲ್ಲಿ ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿದ ‘ಕತ್ರೀನಾ’ ಹಾಗೂ ನಾವು ಮೇಲೆ ಹೇಳಿದ ‘ಹಾರ್ವೆ’ ಮತ್ತೆ ಬರಲಾರವು. ಮನೆಯಲ್ಲಿ ಅಕಾಲ ಮೃತ್ಯು ಆದವರ ಹೆಸರನ್ನು ಮಕ್ಕಳಿಗೆ ಇಡಲು ನಮ್ಮ ಹಿರಿಯರು ಹಿಂಜರಿಯುತ್ತಿದ್ದುದು ಇಲ್ಲಿ ನೆನಪಾಗುತ್ತದೆ.

ಹೆಸರಿಲ್ಲದ ಕಾಲ ಹೇಗಿದ್ದಿತೆಂಬುದಕ್ಕೆ ಅಮೆರಿಕೆಯದೇ ಒಂದು ದೃಷ್ಟಾಂತವನ್ನು ಕೊಡಬಹುದು. ೧೯೦೦ನೆಯ ಸೆಪ್ಟೆಂಬರ್ ೮ರಂದು ಟೆಕ್ಸಸಿನ ಗ್ಯಾಲ್ವೆಸ್ಟನ್ ಎಂಬ ಬಂದರವನ್ನು ಸಮುದ್ರ ನುಂಗಿತು. ಸತ್ತವರು ಆರು ಸಾವಿರಕ್ಕೆ ಕಡಮೆಯಿಲ್ಲ. ಗಾಳಿಯು ಆ ಕಡೆಗೇ ಸಾಗುವುದೆಂದು ಕ್ಯೂಬಾ ದ್ವೀಪದ ಅನುಭವಿಗಳಾದ ಹವೆಯ ಪಂಡಿತರು ತಿಳಿದುಕೊಂಡಿದ್ದರು. ವಾಷಿಂಗ್ಟನ್ನಿನ ಅಧಿಕಾರಿಗಳಿಗೆ ಆ ಸಣ್ಣ ದ್ವೀಪದವರ ಮಾತಿನಲ್ಲಿ ವಿಶ್ವಾಸವಿರಲಿಲ್ಲ. ಅವರ ಹವೆಯ ತಂತಿಗಳಿಗೂ ತಡೆ ಹಾಕಿದ್ದರು. ಆ ಗಾಳಿಗೆ ಇಂದಿಗೂ ಸ್ವಂತ ಹೆಸರಿಲ್ಲ. ತಾನು ಕೊಂದ ಊರಿನ ಹೆಸರಿನಿಂದಲೇ ಅದನ್ನು ಗುರುತಿಸಬೇಕಾಗಿದೆ.

ನಮ್ಮ ದೇಶದ ಇತಿಹಾಸದಲ್ಲಿಯೂ ಇದೇ ಕಥೆ. ೧೮೮೮ನೆಯ ನವೆಂಬರಿನಲ್ಲಿ ಕಚ್ಛದ ಮಾಂಡವಿಯಿಂದ ಮುಂಬಯಿಗೆ ಹೊರಟ ‘ವೈತರಣಾ’ ಎಂಬ ಆಗಬೋಟು ಸೌರಾಷ್ಟ್ರದ ದಂಡೆಯ ಬಳಿ ಬಿರುಗಾಳಿಗೆ ಸಿಕ್ಕಿ ನೂರಾರು ಜನರೊಡನೆ ಕಾಣೆಯಾಯಿತು. ವಿದ್ಯುದ್ದೀಪಗಳಿದ್ದ ಆ ಹಡಗನ್ನು ಜನರು ‘ವೀಜಳಿ’ ಎಂದು ಕರೆಯುತ್ತಿದ್ದರು. ಗುಜರಾತಿನ ಜನಪದದಲ್ಲಿ ಉಳಿದುದು ಆ ಹಡಗಿನ ಹೆಸರೇ, ಗಾಳಿಗೆ ಹೆಸರಿಲ್ಲ. ೧೯೬೪ನೆಯ ಡಿಸೆಂಬರಿನಲ್ಲಿ ರಾಮೇಶ್ವರದ ಆಚೆಯ ಊರನ್ನೂ ಅಲ್ಲಿಗೆ ಹೊರಟಿದ್ದ ರೈಲನ್ನೂ ಕೊಚ್ಚಿಕೊಂಡು ಹೋದುದನ್ನು ‘ಧನುಷ್ಕೋಡಿ’ ಎಂದೇ ಹೇಳುತ್ತೇವೆ. ೧೯೭೦ನೆಯ ನವೆಂಬರಿನಲ್ಲಿ ಇಂದಿನ ಬಾಂಗ್ಲಾದೇಶದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡುದಕ್ಕೆ ‘ಭೋಲಾ’ ದ್ವೀಪದ ಹೆಸರು. ೧೯೭೭ನೆಯ ನವೆಂಬರ್ ೧೯ರಂದು ಆಂಧ್ರದ ಕೃಷ್ಣಾ ಮುಖಜ ಭೂಮಿಯಲ್ಲಿ ಆದುದಕ್ಕೆ ‘ದಿವಿಸೀಮೆ’ಯ ಹೆಸರು. ನಮ್ಮ ಮಹಾಬಳೇಶ್ವರದಲ್ಲಿ ಹುಟ್ಟಿ, ವಿಜಾಪುರ ರಾಯಚೂರುಗಳನ್ನು ತಣಿಸಿ ಹೋಗುವ ಕೃಷ್ಣೆಯು ಸಮುದ್ರವನ್ನು ಸೇರುವ ಜಾಗ ಅದು. ಹೀಗೆ ಗಾಳಿಗೆ ಹೆಸರು ಸಿಕ್ಕುತ್ತಿದ್ದುದು ಅದು ಹೆಣ ಕೆಡವಿ ಹೋದ ಮೇಲೆ. ಅದು ಗೋರಿಯ ಮೇಲಿನ ಬರಹದಂಥ ಹೆಸರು.

ಈ ಗಾಳಿಗಳ ಲೆಕ್ಕವನ್ನು ಇಟ್ಟವರಲ್ಲಿ ನಮ್ಮ ಪುಣೆಯವರ ಪಾಲು ಬಹಳ ದೊಡ್ಡದು. ಸ್ವಾರಗೇಟದಿಂದ ಈಗ ನೆಲದೊಳಗಿನ ಮೆಟ್ರೊ ಗಾಡಿಯಲ್ಲಿ ಕುಳಿತರೆ ಮಂಡಈ, ಕಸಬಾ ಪೇಠ, ಸಿವಿಲ್ ಕೋರ್ಟು ದಾಟಿ ನಾಲ್ಕನೆಯ ನಿಲ್ದಾಣ ಶಿವಾಜಿನಗರ. ಅಲ್ಲಿ ಮೇಲೇರಿ ಬಂದು ಯಾವ ರಿಕ್ಷಾದವನಿಗಾದರೂ ‘ಸಿಮ್ಲಾ ಆಫೀಸ್’ ಎಂದರೆ ಸಾಕು, ಹವಾಮಾನ ಇಲಾಖೆಯ ಹಳೆಯ ಕಲ್ಲಿನ ಕಟ್ಟಡದ ಮುಂದೆ ಇಳಿಸುವನು. ಹಿಮಾಲಯದ ಸಿಮ್ಲೆಗೂ ಪುಣೆಗೂ ಏನು ಸಂಬಂಧ? ೧೮೭೫ರಲ್ಲಿ ಕಲಕತ್ತೆಯಲ್ಲಿ ಆರಂಭವಾದ ಈ ಇಲಾಖೆಯ ಕೇಂದ್ರ ಕಚೇರಿ ೧೯೦೫ರಲ್ಲಿ ಸಿಮ್ಲೆಗೆ ಹೋಗಿ, ೧೯೨೮ರಲ್ಲಿ ಪುಣೆಗೆ ಬಂದಿತು. ಕೇಂದ್ರವು ೧೯೪೪ರಲ್ಲಿ ದಿಲ್ಲಿಗೆ ಹೊರಟುಹೋಯಿತು; ಆದರೆ ಪುಣೆಯ ಕಚೇರಿ ಉಳಿಯಿತು, ಬಿಟ್ಟುಬಂದ ಊರಿನ ಹೆಸರೂ ಉಳಿಯಿತು. ಊರು ಬಿಟ್ಟು ಬಂದ ನಮಗೆ ಆ ಕಚೇರಿಯ ಮೇಲೆ ಒಂದು ಬಗೆಯ ಮಮತೆ ಇರುವುದು ಸಹಜವೇ.

ಈ ಇಲಾಖೆಯವರು ೧೮೭೭ರಿಂದ ೧೯೭೦ರ ವರೆಗೆ ಬಂಗಾಲದ ಉಪಸಾಗರದಲ್ಲಿಯೂ ಅರಬೀ ಸಮುದ್ರದಲ್ಲಿಯೂ ಎದ್ದ ಗಾಳಿಗಳ ಹಾದಿಗಳನ್ನೆಲ್ಲ ನಕ್ಷೆಗಳಲ್ಲಿ ಗುರುತಿಸಿ ೧೯೭೯ರಲ್ಲಿ ಒಂದು ಗ್ರಂಥವನ್ನು ಹೊರತಂದರು. ತಾರೀಖುಗಳುಂಟು, ಗೆರೆಗಳುಂಟು, ಹೆಸರುಗಳಿಲ್ಲ. ನಮ್ಮ ಕಡಲುಗಳಲ್ಲಿ ವರುಷಕ್ಕೆ ಸರಾಸರಿ ಐದು ಚಂಡಮಾರುತಗಳು ಏಳುವುವು. ನಾಲ್ಕು ಬಂಗಾಲದ ಕಡೆಗೆ, ಒಂದು ಅರಬೀ ಕಡೆಗೆ ಎಂಬುದು ಹಳೆಯ ಲೆಕ್ಕ. ಮುಂಗಾರಿನ ಮುಂಚೆ ಒಂದು ಸಲ, ಮುಂಗಾರು ಹಿಂದಿರುಗಿದ ಮೇಲೆ ಇನ್ನೊಂದು ಸಲ ಅವುಗಳ ಕಾಲ. ಅರಬೀ ಸಮುದ್ರದವು ಬಹುಮಟ್ಟಿಗೆ ಓಮಾನ್, ಯೆಮೆನ್‍ಗಳಿಗೋ ಗುಜರಾತಿಗೋ ಹೋಗುವುವು. ಕೊಂಕಣಕ್ಕೂ ಕನ್ನಡ ಜಿಲ್ಲೆಗಳಿಗೂ ನೇರವಾಗಿ ಬಂದೆರಗುವುದು ಅಪರೂಪ. ಆದರೆ ಆ ಹಳೆಯ ಲೆಕ್ಕ ಈಗ ತಪ್ಪುತ್ತಲಿದೆ. ಪುಣೆಯ ಪಾಷಾಣದಲ್ಲಿರುವ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು ೨೦೨೧ರಲ್ಲಿ ಪ್ರಕಟಿಸಿದಂತೆ, ೧೯೮೨ರಿಂದ ೨೦೦೦ದ ವರೆಗಿನ ಕಾಲಕ್ಕಿಂತ ೨೦೦೧ರಿಂದ ೨೦೧೯ರ ವರೆಗಿನ ಕಾಲದಲ್ಲಿ ಅರಬೀ ಸಮುದ್ರದ ಚಂಡಮಾರುತಗಳು ನೂರಕ್ಕೆ ಐವತ್ತೆರಡರಷ್ಟು ಹೆಚ್ಚಿವೆ. ಸಮುದ್ರದ ನೀರು ಬೆಚ್ಚಗಾಗುತ್ತಿರುವುದೇ ಇದಕ್ಕೆ ಮುಖ್ಯ ಕಾರಣ.

ನಮ್ಮ ಕಡಲುಗಳ ಗಾಳಿಗೆ ಹೆಸರಿಡುವುದೆಂದು ಸುತ್ತಲಿನ ಎಂಟು ದೇಶಗಳು ೨೦೦೦ದಲ್ಲಿ ಮಸ್ಕತ್ ನಗರದಲ್ಲಿ ಸೇರಿ ಒಪ್ಪಿದುವು. ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕಾ, ಮ್ಯಾನ್ಮಾರ್, ಥಾಯ್ಲೆಂಡ್, ಮಾಲ್ದೀವ್, ಓಮಾನ್‍ಗಳು ಎಂಟೆಂಟು ಹೆಸರು ಕೊಟ್ಟು ಅರವತ್ತನಾಲ್ಕರ ಪಟ್ಟಿಯನ್ನು ಮಾಡಿದುವು. ೨೦೦೪ರ ‘ಒನಿಲ್’ ಮೊದಲ ಹೆಸರು. ೨೦೨೦ರ ಮೇ ತಿಂಗಳ ‘ಅಂಫನ್’ನೊಂದಿಗೆ ಆ ಪಟ್ಟಿ ಮುಗಿಯಿತು. ಅಷ್ಟರಲ್ಲಿ ಇನ್ನೂ ಐದು ದೇಶಗಳು ಸೇರಿ, ಹದಿಮೂರು ದೇಶಗಳ ೧೬೯ ಹೆಸರುಗಳ ಹೊಸ ಪಟ್ಟಿ ಸಿದ್ಧವಾಗಿದ್ದಿತು. ಗಡಿಗಳಿಗಾಗಿ ಕಾದಾಡುವ ದೇಶಗಳು ಗಾಳಿಯ ನಾಮಕರಣಕ್ಕೆ ಒಂದೇ ತೊಟ್ಟಿಲ ಸುತ್ತ ಕೂಡುವುವು. ಭಾರತ ಕೊಟ್ಟ ಹೆಸರುಗಳಲ್ಲಿ ನೀರ್, ಅಂಬುದ, ಜಲಧಿ, ವೇಗ, ಪ್ರಭಂಜನ ಎಂಬವೂ ಇವೆ. ಇವೆಲ್ಲ ಕನ್ನಡದ ಕಿವಿಗೆ ಮನೆಯ ಮಾತುಗಳೇ. ಗಾಳಿಯ ವೇಗ ತಾಸಿಗೆ ೬೨ ಕಿಲೊಮೀಟರಿಗೆ ಏರಿದೊಡನೆ ದಿಲ್ಲಿಯ ಕಚೇರಿಯವರು ಪಟ್ಟಿಯಲ್ಲಿಯ ಮುಂದಿನ ಹೆಸರನ್ನು ಅದಕ್ಕೆ ಇಡುವರು. ಒಂದೇ ಹೆಸರು ಕಾರವಾರದ ಮೀನುಗಾರನಿಗೂ ಕರಾಚಿಯ ಮೀನುಗಾರನಿಗೂ ಮುಟ್ಟುವುದು.

ಆ ಹೊಸ ಪಟ್ಟಿಯ ಮೊಟ್ಟಮೊದಲ ಹೆಸರು ಬಾಂಗ್ಲಾದೇಶ ಕೊಟ್ಟ ‘ನಿಸರ್ಗ’. ಮರಾಠಿಯಲ್ಲಿಯೂ ನಿಸರ್ಗ, ಕನ್ನಡದಲ್ಲಿಯೂ ನಿಸರ್ಗ. ಯಾರಿಗೂ ಅರ್ಥ ಹೇಳಬೇಕಾಗಲಿಲ್ಲ. ೨೦೨೦ನೆಯ ಜೂನ್ ೩ರಂದು, ರೋಹಿಣಿ ಮಳೆಯ ಕಾಲದಲ್ಲಿ, ಅದು ಅಲೀಬಾಗದ ದಕ್ಷಿಣಕ್ಕೆ ದಂಡೆಯನ್ನು ಏರಿತು. ಶ್ರೀವರ್ಧನ, ದಿವೇಆಗರಗಳ ತೆಂಗು ಅಡಿಕೆಯ ತೋಟಗಳು ನೆಲಕ್ಕೊರಗಿದುವು. ಘಟ್ಟವನ್ನು ಹತ್ತಿ ಬಂದ ಗಾಳಿ ಪುಣೆಯಲ್ಲಿಯೂ ಮರಗಳನ್ನು ಕೆಡವಿತು. ಸಾಂಕ್ರಾಮಿಕ ರೋಗದ ದೆಸೆಯಿಂದ ಮೊದಲೇ ಮನೆಯಲ್ಲಿ ಕುಳಿತಿದ್ದ ನಾವು ಕಿಟಕಿಗಳನ್ನು ಭದ್ರಪಡಿಸಿ, ಊರಿನಿಂದ ಬರುತ್ತಿದ್ದ ಫೋನುಗಳಿಗೆ ‘ನಿಸರ್ಗ ಬರಲಿಕ್ಕತ್ತದ, ನಾವು ಹುಷಾರದೀವಿ’ ಎಂದು ಉತ್ತರ ಕೊಟ್ಟೆವು. ಗಾಳಿ ಬರುವ ಮೊದಲೇ ಅದರ ಹೆಸರು ನಮ್ಮ ಬಾಯಲ್ಲಿದ್ದಿತು. ಗೋರಿಯ ಮೇಲಿನ ಬರಹವಾಗಿದ್ದ ಹೆಸರು ಬಾಗಿಲು ತಟ್ಟಿ ಎಬ್ಬಿಸುವ ಕೂಗಾಯಿತು. ನೂರು ವರುಷಗಳ ಇತಿಹಾಸದಲ್ಲಿ ಆದ ದೊಡ್ಡ ಬದಲಾವಣೆ ಇದೇ ಎಂದು ನಮಗೆ ತೋರುವುದು.

ಒಂದೇ ಗಾಳಿಗೆ ಎರಡು ಹೆಸರು ಬಂದುದೂ ಉಂಟು. ೨೦೨೧ನೆಯ ಸೆಪ್ಟೆಂಬರಿನಲ್ಲಿ ‘ಗುಲಾಬ್’ ಎಂಬುದು ಆಂಧ್ರದ ಉತ್ತರ ದಂಡೆಯನ್ನು ಏರಿ, ಸೊರಗಿ, ಮರಾಠವಾಡೆಯ ಮೇಲೆ ಮಳೆ ಸುರಿಸಿ ಅರಬೀ ಸಮುದ್ರಕ್ಕೆ ಇಳಿದು ಮತ್ತೆ ಬಲಿತು ‘ಶಾಹೀನ್’ ಎಂಬ ಹೆಸರಿನಿಂದ ಓಮಾನಿಗೆ ಹೋಯಿತು. ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ಬರೆದ ಹೊಸ ಹೆಸರನ್ನು ಹೊತ್ತು ಗಂಡನ ಮನೆಗೆ ಹೋಗುವ ನಮ್ಮ ಕಡೆಯ ಹೆಣ್ಣುಮಕ್ಕಳಂತೆ!

ಹೆಸರು ಇದ್ದ ಮಾತ್ರಕ್ಕೆ ಜೀವ ಉಳಿಯುವುದೆಂದು ನಾವು ಹೇಳುತ್ತಿಲ್ಲ. ೧೯೯೯ನೆಯ ಅಕ್ಟೋಬರ್ ೨೯ರಂದು ಒಡಿಶಾದಲ್ಲಿ ಹೆಸರಿಲ್ಲದ ಗಾಳಿಗೆ ಹೆಚ್ಚು ಕಡಿಮೆ ಹತ್ತು ಸಾವಿರ ಜನ ಬಲಿಯಾದರು. ೨೦೧೩ನೆಯ ಅಕ್ಟೋಬರ್ ೧೨ರಂದು ಅದೇ ದಂಡೆಗೆ ‘ಫಾಯ್ಲಿನ್’ ಬಂದಾಗ ಸತ್ತವರು ನೂರರೊಳಗೆ. ಏಕೆಂದರೆ ಅಷ್ಟರಲ್ಲಿ ಸುಮಾರು ಹತ್ತು ಲಕ್ಷ ಜನರನ್ನು ಆಶ್ರಯದ ಕಟ್ಟಡಗಳಿಗೆ ಸಾಗಿಸಿದ್ದರು. ಉಪಗ್ರಹ, ರಡಾರು, ಗಟ್ಟಿ ಕಟ್ಟಡ, ಊರೂರಿಗೆ ಹೋಗಿ ಹೇಳುವ ಮನುಷ್ಯರು, ಇವೆಲ್ಲ ಕೂಡಿ ಆ ಹೆಸರಿಗೆ ಬಲ ಬಂದಿತು. ೨೦೧೭ರ ‘ಒಖಿ’ಯ ಕಥೆಯೇ ಬೇರೆ. ಬಂಗಾಲಿಯಲ್ಲಿ ಅದರ ಅರ್ಥ ಕಣ್ಣು, ನಮ್ಮ ‘ಅಕ್ಷಿ’ಯೇ. ನವೆಂಬರ್ ೩೦ರಂದು ಅದಕ್ಕೆ ಹೆಸರಿಟ್ಟಾಗ ಕೇರಳ, ಕನ್ಯಾಕುಮಾರಿಗಳ ದೋಣಿಗಳು ಆಗಲೇ ನಡುಗಡಲಿನಲ್ಲಿದ್ದುವು. ನೂರಾರು ಮೀನುಗಾರರು ಮರಳಲಿಲ್ಲ. ತಡವಾಗಿ ಬಂದ ಹೆಸರು ಇದ್ದೂ ಇಲ್ಲದಂತೆ. ನಮ್ಮ ಕರಾವಳಿಯೂ ಇದನ್ನು ಕಂಡಿದೆ. ೨೦೨೧ನೆಯ ಮೇ ತಿಂಗಳಲ್ಲಿ ‘ತೌಕ್ತೆ’ಯು ಕನ್ನಡದ ದಂಡೆಯ ಉದ್ದಕ್ಕೂ ಸಮುದ್ರದಲ್ಲಿಯೇ ಸಾಗುತ್ತ ಮನೆಗಳನ್ನೂ ರಸ್ತೆಗಳನ್ನೂ ಅಲೆಗಳಿಗೆ ಕೊಟ್ಟಿತು, ಕಾಪುವಿನ ಬಳಿ ಬಂಡೆಗಳಲ್ಲಿ ಸಿಕ್ಕಿಬಿದ್ದ ಹಡಗಿನಿಂದ ಒಂಬತ್ತು ಜನರನ್ನು ಎತ್ತಿ ತರಲಾಯಿತು. ಮುಂದೆ ಮುಂಬಯಿಯ ಆಚೆ ಅದೇ ಗಾಳಿಗೆ ದೊಡ್ಡ ದೋಣಿಯೊಂದು ಮುಳುಗಿ ಎಪ್ಪತ್ತರಷ್ಟು ಕೆಲಸಗಾರರು ಸತ್ತರು. ಅಲ್ಲಿ ಹೆಸರೂ ಇದ್ದಿತು, ಎಚ್ಚರಿಕೆಯೂ ಇದ್ದಿತು.

ಈಗ ನಮ್ಮ ಬಾಗಿಲಿನ ಮಾತು. ಕಾತ್ರಜದ ಗುಡ್ಡದಲ್ಲಿ ಹುಟ್ಟಿ, ಸಹಕಾರನಗರ, ಪರ್ವತಿಗಳ ಬದಿಯಿಂದ ಹರಿದು, ದಾಂಡೇಕರ ಸೇತುವೆಯ ಕೆಳಗೆ ಹಾದು ಮುಠೆಯನ್ನು ಸೇರುವ ಆಂಬಿಲ ಓಢಾ ಎಂಬ ಹಳ್ಳವು ಸ್ವಾರಗೇಟದವರಿಗೆ ಗೊತ್ತು. ಪೇಶ್ವೆ ನಾನಾಸಾಹೇಬರ ಕಾಲದಲ್ಲಿ ಇದಕ್ಕೆ ಒಡ್ಡು ಹಾಕಿ ಪರ್ವತಿಯ ಬುಡದಲ್ಲಿ ಕೆರೆ ಕಟ್ಟಿದ್ದರು. ಈಗ ನಾವು ಮಕ್ಕಳನ್ನು ಕರೆದುಕೊಂಡು ಹೋಗುವ ಸಾರಸಬಾಗ ಆ ಕೆರೆಯ ಅಂಗಳದಲ್ಲಿಯೇ ಇದೆ. ವರುಷವಿಡೀ ಗಟಾರದಂತೆ ಕಾಣುವ ಈ ಹಳ್ಳವನ್ನು ಹಳ್ಳವೆಂದು ಎಣಿಸುವವರೇ ಕಡಮೆ. ೨೦೧೯ನೆಯ ಸೆಪ್ಟೆಂಬರ್ ೨೫ರ ರಾತ್ರಿ, ಉತ್ತರೆಯ ಮಳೆಯ ಕೊನೆಯ ದಿನಗಳಲ್ಲಿ, ಕೆಲವೇ ತಾಸುಗಳ ಮಳೆಗೆ ಅದು ಗೋಡೆಗಳನ್ನು ಕೆಡವಿ ವಸತಿಗಳೊಳಗೆ ನುಗ್ಗಿತು. ಊರಲ್ಲಿಯೂ ಸುತ್ತಣ ಜಿಲ್ಲೆಯಲ್ಲಿಯೂ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಮಲಗಿದ್ದವರು ಎದ್ದು ಕಾಲಿಟ್ಟುದು ನೀರಿನಲ್ಲಿ. ಬೆಳಗಾದ ಮೇಲೆ ಕೆಸರಿನಲ್ಲಿ ಒಂದರ ಮೇಲೊಂದು ಬಿದ್ದಿದ್ದ ವಾಹನಗಳನ್ನೂ, ರಾಡಿಯಾದ ಹಿಟ್ಟಿನ ಡಬ್ಬಿಗಳನ್ನೂ, ಒಣಹಾಕಿದ ಶಾಲೆಯ ಪುಸ್ತಕಗಳನ್ನೂ ನಾವು ಕಂಡಿದ್ದೇವೆ.

ಆ ರಾತ್ರಿಗೆ ಹೆಸರಿಲ್ಲ. ಅದು ಚಂಡಮಾರುತವಾಗಿರಲಿಲ್ಲ, ಹೆಸರಿಡುವ ನಿಯಮ ಗಾಳಿಯ ವೇಗವನ್ನು ಅಳೆಯುವುದು, ಹಳ್ಳದ ನೀರನ್ನಲ್ಲ. ಹದಿಮೂರು ದೇಶಗಳಲ್ಲಿ ಯಾವ ದೇಶವೂ ಅದಕ್ಕೆ ಹೆಸರನ್ನು ಕೊಡಬೇಕಾಗಿರಲಿಲ್ಲ. ೧೯೬೧ನೆಯ ಜುಲೈ ೧೨ರ ಪಾನಶೇತ ಪ್ರಳಯವನ್ನು ಮುರಿದ ಒಡ್ಡಿನ ಹೆಸರಿನಿಂದ ಪುಣೆಯವರು ಇಂದಿಗೂ ನೆನೆಯುವರು. ಹಳೆಯ ವಾಡೆಗಳಲ್ಲಿ ನೀರು ಎಲ್ಲಿಯ ವರೆಗೆ ಏರಿದ್ದಿತೆಂದು ಕೈ ಎತ್ತಿ ತೋರಿಸುವರು. ಆದರೆ ೨೦೧೯ರ ಆ ರಾತ್ರಿಯನ್ನು, ಹಳ್ಳದ ಬದಿಗೆ ಹೊಸದಾಗಿ ಬಾಡಿಗೆಗೆ ಬಂದವರಿಗೆ ಯಾರು ಹೇಳುವರು? ನಮ್ಮ ಸ್ವಾರಗೇಟದ ಮೆಟ್ರೊ ಮಾರ್ಗದ ಉದ್ಘಾಟನೆಯನ್ನೇ ೨೦೨೪ನೆಯ ಸೆಪ್ಟೆಂಬರ್ ೨೬ರಂದು ಮಳೆಯ ದೆಸೆಯಿಂದ ಮೂರು ದಿನ ಮುಂದಕ್ಕೆ ಹಾಕಬೇಕಾಯಿತು; ಅದೂ ಉತ್ತರೆಯ ಮಳೆಯೇ. ಪಂಚಾಂಗ ಸುಮ್ಮನೆ ಹೇಳಿದುದನ್ನು ನಾವು ಮರೆಯುತ್ತೇವೆ.

ಆದುದರಿಂದ ನಮ್ಮದೊಂದು ವಿನಂತಿ. ವಿಜಾಪುರ, ಬೆಳಗಾವಿ, ಹುಬ್ಬಳ್ಳಿಗಳ ಬಸ್ಸುಗಳಿಂದ ಗಂಟುಮೂಟೆ ಹೊತ್ತು ಸ್ವಾರಗೇಟದಲ್ಲಿ ಇಳಿದು, ಬಾಡಿಗೆ ಅಗ್ಗವೆಂದು ಹಳ್ಳದ ಬದಿಗೆ ಮನೆ ಹಿಡಿಯುವ ನಮ್ಮ ಜನರು ಇಂದಿಗೂ ಬರುತ್ತಲೇ ಇದ್ದಾರೆ. ಮರಾಠಿಯ ಎಚ್ಚರಿಕೆ ಅವರಿಗೆ ಮೊದಲ ದಿನಗಳಲ್ಲಿ ತಿಳಿಯುವುದಿಲ್ಲ. ಅವರಿಗೆ ಶಾಲೆ, ದವಾಖಾನೆ, ರೇಶನ್ ಅಂಗಡಿಗಳ ದಾರಿ ತೋರಿಸುವಾಗ ಆ ಹಳ್ಳವನ್ನೂ ತೋರಿಸಿ, ಅದರ ಹೆಸರನ್ನೂ ಆ ರಾತ್ರಿಯ ಕಥೆಯನ್ನೂ ನಮ್ಮ ಮಾತಿನಲ್ಲಿ ಹೇಳೋಣ. ನೀರು ಎಲ್ಲಿಯ ವರೆಗೆ ಏರಿದ್ದಿತೆಂದು ಗೋಡೆಯ ಮೇಲೆ ಕೈಯಿಟ್ಟು ತೋರಿಸೋಣ. ಉತ್ತರೆಯ ಮಳೆ ಹತ್ತಿತೆಂದರೆ ಒಬ್ಬರಿಗೊಬ್ಬರು ಫೋನು ಮಾಡೋಣ. ರಾಜ್ಯೋತ್ಸವದ ಈ ದಿನ ಸ್ವಾತಿ ಮಳೆಯ ಕಾಲ. ಎರಡೂ ಕಡಲುಗಳಲ್ಲಿ ಗಾಳಿ ಏಳುವ ಕಾಲವೂ ಹೌದು. ಇನ್ನೊಂದು ಹೆಸರು ಪಟ್ಟಿಯಲ್ಲಿ ತನ್ನ ಸರದಿಗಾಗಿ ಕಾದಿದೆ. ಅದು ಯಾರ ದಂಡೆಗೆ ಹೋದರೂ, ಬರುವ ಮೊದಲೇ ಅಲ್ಲಿಯವರ ಕಿವಿಗೆ ಅವರ ಮಾತಿನಲ್ಲಿಯೇ ಬೀಳಲೆಂದು ಹಾರೈಸುತ್ತ, ನಮ್ಮ ಹಳ್ಳದ ಹೆಸರನ್ನು ನಾವು ಮರೆಯದಿರೋಣವೆಂದು ಇಲ್ಲಿಗೆ ಮುಗಿಸುತ್ತೇವೆ.